ಕಿಂಡಿಯಲ್ಲಿ ಎಣಿಸಿದ ನಾಯಿಗಳು

ನಮ್ಮೂರ ಹೆಂಗಸರು ಸೀತಾಫಲಕ್ಕೆ ಗುಡ್ಡ ಹತ್ತುವಾಗ ಸಣ್ಣ ನಾಯಿಗಳನ್ನೇ ಕರೆದುಕೊಂಡು ಹೋಗುತ್ತಿದ್ದರು. ಎತ್ತರ ಮೊಣಕಾಲಿಗೆ ಮುಟ್ಟದು, ಗಂಟಲು ಮಾತ್ರ ಬಸ್‌ಸ್ಟ್ಯಾಂಡಿನ ಏಜೆಂಟನದು. ದೊಡ್ಡ ನಾಯಿಗೆ ತಾನು ನಾಯಿ ಎಂಬ ಅಹಂಕಾರ ಇರುತ್ತದೆ, ಕರಡಿ ಕಂಡರೆ ಮೈಮೇಲೆ ಬೀಳಲು ಹೋಗಿ ಸಾಯುತ್ತದೆ. ಸಣ್ಣ ನಾಯಿಗೆ ತನ್ನ ಅಳತೆ ಗೊತ್ತು. ಆರು ಸಣ್ಣ ನಾಯಿಗಳು ಕೂಡಿಕೊಂಡು ದೂರದಿಂದ ಒಂದೇ ಸಮನೆ ಒದರಿದರೆ ಕರಡಿ ಬೇಸತ್ತು ದಾರಿ ಬಿಡುತ್ತದೆ. ಕೂಡ್ಲಿಗಿಯಿಂದ ಗುಡೇಕೋಟೆ ಕಡೆಗೆ ಹೋಗುವ ಆ ಗುಡ್ಡಗಳಲ್ಲಿ ಸೀತಾಫಲ ಎಷ್ಟಿತ್ತೋ ಕರಡಿಯೂ ಅಷ್ಟಿತ್ತು. ಹಣ್ಣು ಇಬ್ಬರಿಗೂ ಬೇಕಾಗಿತ್ತು.

ಹೋಗುವವರ ಗುಂಪಿಗೆ ನನ್ನ ಅವ್ವ ಗಾಳೆಮ್ಮ ಮುಂದಾಳು. ಅವಳದು ಎರಡೇ ಕಾನೂನು. ನಾಯಿ ಇಲ್ಲದವರಿಗೆ ಗುಡ್ಡ ಇಲ್ಲ, ಅದು ಮೊದಲನೆಯದು. ಗುಡ್ಡದ ಮೇಲೆ ಮನುಷ್ಯರನ್ನು ಎಣಿಸಬಾರದು, ಅದು ಎರಡನೆಯದು.

“ಯಾಕ ಎಣಸಬಾರದವ್ವ?” ಎಂದು ನಾನು ಒಮ್ಮೆ ಕೇಳಿದ್ದೆ.

“ನಾವು ಎಣಸಿದ್ರ ಗುಡ್ಡಾನೂ ಎಣಸ್ತೈತಿ. ಅದಕ್ಕ ಒಂದು ಹೆಚ್ಚಾಗಿ ಕಾಣತೈತಿ, ಇಟ್ಕಂತೈತಿ.”

ಹಾಗಾಗಿ ಅವಳು ನಾಯಿಗಳನ್ನು ಎಣಿಸುತ್ತಿದ್ದಳು. ಇಳಿಯುವ ದಾರಿಯಲ್ಲಿ ಎರಡು ದೊಡ್ಡ ಬಂಡೆಗುಂಡುಗಳ ನಡುವೆ ಒಬ್ಬರೇ ನುಸುಳುವಷ್ಟು ಕಿಂಡಿಯೊಂದಿತ್ತು. ಬುಟ್ಟಿ ಹೊತ್ತ ಹೆಂಗಸರು ಮೊದಲು ದಾಟುತ್ತಿದ್ದರು, ನಾಯಿಗಳು ಹಿಂದಿನಿಂದ ಒಂದೊಂದಾಗಿ ನುಸುಳುತ್ತಿದ್ದವು. ಅವ್ವ ಪಕ್ಕದಲ್ಲಿ ನಿಂತು ಬೆರಳು ಮಡಚುತ್ತಿದ್ದಳು. ಒಂದೊಂದು ನಾಯಿಗೂ ಒಬ್ಬೊಬ್ಬ ಒಡತಿ. ಒಡತಿಯನ್ನು ಬಿಟ್ಟು ನಾಯಿ ಇಳಿಯುವುದಿಲ್ಲ, ನಾಯಿಯನ್ನು ಬಿಟ್ಟು ಒಡತಿಯೂ ಇಳಿಯುವುದಿಲ್ಲ. ಇಪ್ಪತ್ತು ವರ್ಷ ಈ ಎಣಿಕೆ ತಪ್ಪಿರಲಿಲ್ಲ.

ನಾನು ಕೊಟ್ಟೂರಿನಲ್ಲಿ ಬಿ.ಎ. ಮುಗಿಸಿ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ ಆಗ ಎಂಟು ತಿಂಗಳಾಗಿತ್ತು. ಎಪ್ಪತ್ತೆಂಟನೇ ಇಸವಿ, ದೀಪಾವಳಿ ಕಳೆದು ಹತ್ತು ದಿನ. ಭಾನುವಾರ ರಜೆಗೆ ಊರಿಗೆ ಬಂದವನು, ಹಣ್ಣಿನ ಕೊನೆಯ ಕೊಯ್ಲು ಎಂದು ಅವ್ವ ಹೊರಟಿದ್ದನ್ನು ಕಂಡು ಚೀಲ ಹೆಗಲಿಗೆ ಹಾಕಿಕೊಂಡು ನಾನೂ ಹೊರಟೆ.

“ನಿನಗ ನಾಯಿ ಇಲ್ಲ. ಅಂದಮ್ಯಾಗ ನಿನ್ನ ಲೆಕ್ಕಾನೂ ಇಲ್ಲ. ಕಳದು ಹೋದ್ರ ಹುಡುಕೂದಿಲ್ಲ,” ಎಂದಳು ಅವ್ವ.

“ಸರಕಾರದ ಆಳು ಕಳದ್ರ ಸರಕಾರ ಹುಡುಕ್ತೈತಿ ಬಿಡು,” ಎಂದಳು ದ್ಯಾಮಕ್ಕ. ಗುಂಪಿನಲ್ಲಿ ಅವಳೇ ಹಿರಿಯಳು, ಬಾಯಿಗೆ ಬಾಗಿಲಿಲ್ಲದವಳು. “ಅಲ್ಲಲೇ ಓಬಳೇಶ, ಕಚೇರ್ಯಾಗ ಕುಂತು ಏನು ಮಾಡ್ತಿ ದಿನಾ?”

“ಕರಡು ಬರೀತೀನಿ ದ್ಯಾಮಕ್ಕ. ಮ್ಯಾಲಿನವರು ಅದನ್ನ ಹರೀತಾರ.”

“ಇಲ್ಲಿ ಕರಡೀನ ಹರೀತೈತಿ. ಮ್ಯಾಲಿನವರು ಎಲ್ಲಾ ಕಡೆ ಅಷ್ಟ.” ಹೀಗೆಂದು ಅವಳು ಸಂತೆಯಲ್ಲಿ ಹಣ್ಣು ಕೊಳ್ಳುವ ದಲ್ಲಾಳಿಯ ಮೂಗಿನ ದನಿ ತೆಗೆದು, “ಈ ಹಣ್ಣು ಕಣ್ಣು ಬಿಟ್ಟಿಲ್ಲಬೇ, ಆ ಹಣ್ಣು ಕಣ್ಣು ಮುಚ್ಚಿಲ್ಲಬೇ,” ಎಂದು ನಡೆದು ತೋರಿಸಿದಳು. ದಾರಿಯ ಮೊದಲ ಏರು ನಗುವಿನಲ್ಲೇ ಮುಗಿಯಿತು.

ಆರು ಮಂದಿ ಹೆಂಗಸರು: ಅವ್ವ, ದ್ಯಾಮಕ್ಕ, ನಮ್ಮ ಓಣಿಯ ದುರುಗಮ್ಮ, ಕೆಳಗಿನ ಕೇರಿಯ ಇಬ್ಬರು ವಾರಗಿತ್ತಿಯರು, ಮತ್ತು ನನ್ನ ಅಕ್ಕ ಹುಲುಗಮ್ಮ. ಅಕ್ಕನಿಗೆ ಆಗ ಇಪ್ಪತ್ತೊಂಬತ್ತು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ ಅವಳು ತವರಿಗೆ ಬಂದಿದ್ದಳು. ಬರುವಾಗ ತಂದದ್ದು ಒಂದು ಟ್ರಂಕು, ಸೆರಗಿನೊಳಗೆ ಒಂದು ನಾಯಿಮರಿ. ಅದೇ ಚೋಟ್ಯಾ. ಬೂದಿ ಬಣ್ಣ, ಒಂದು ಕಿವಿ ನಿಂತದ್ದು, ಒಂದು ಮಲಗಿದ್ದು. ಅಕ್ಕ ಅದಕ್ಕೆ ತನ್ನ ತಟ್ಟೆಯ ಮೊದಲ ತುತ್ತು ಹಾಕಿಯೇ ತಾನು ಉಣ್ಣುತ್ತಿದ್ದಳು. ಅವಳ ಮುಖ ತುಂಬ ಚೆಂದವಿತ್ತು. ಇದನ್ನು ತಮ್ಮನಾದವನು ಹೇಳಬಾರದೇನೋ. ಆದರೆ ಊರೆಲ್ಲ ಹೇಳುತ್ತಿತ್ತು, ಅವಳ ಗಂಡನ ಊರಿನವರೂ ಹೇಳುತ್ತಿದ್ದರು, ಆಶ್ಚರ್ಯದಿಂದ.

ಆ ದಿನ ತಕರಾರು ಹುಟ್ಟಿದ್ದು ದುರುಗಮ್ಮನ ರಾಣಿಯಿಂದ. ಕಾರ್ತೀಕ ಮಾಸ ನಾಯಿಗಳ ಮಾಸ. ರಾಣಿ ಬೆದೆಗೆ ಬಂದಿತ್ತು.

“ಇದನ್ನ ಮನ್ಯಾಗ ಕಟ್ಟಿ ಬರಬೇಕಿಲ್ಲೇನ?” ಎಂದು ದ್ಯಾಮಕ್ಕ ಗದರಿದಳು.

“ನಾಯಿ ಇಲ್ಲದ ಬಂದ್ರ ಗಾಳೆಮ್ಮತ್ತಿ ಬಿಡ್ತಾಳೇನು?” ಎಂದಳು ದುರುಗಮ್ಮ.

ಅವ್ವ ಮುಂದೆ ನಡೆದಳು. ಕಾನೂನು ಅವಳದೇ. ಉಳಿದ ನಾಯಿಗಳಲ್ಲಿ ಮೂರು ಹೆಣ್ಣು. ದ್ಯಾಮಕ್ಕನ ಗುಂಡನಿಗೆ ಹಲ್ಲೇ ಇರಲಿಲ್ಲ, ಆಸೆ ಎಲ್ಲಿಂದ ಬರಬೇಕು. ಹರೆಯದ ಗಂಡೆಂದರೆ ಚೋಟ್ಯಾ ಒಂದೇ. ಏರು ಮುಗಿಯುವ ಹೊತ್ತಿಗೆ ಅದು ಅಕ್ಕನ ಕಾಲ ಬಳಿಯಿಂದ ಜಾರಿ ರಾಣಿಯ ಬಾಲದ ಬಳಿಗೆ ವರ್ಗವಾಗಿತ್ತು. ಅಕ್ಕ ಎರಡು ಸಲ ಕರೆದಳು. ಬಂದಂತೆ ಮಾಡಿ ಮತ್ತೆ ಹೋಯಿತು. ಹೆಂಗಸರು ಮುಸಿಮುಸಿ ನಕ್ಕರು.

ಕೊನೆಯ ಕೊಯ್ಲಾದ್ದರಿಂದ ಕೆಳಗಿನ ಗಿಡಗಳಲ್ಲಿ ಹಣ್ಣಿರಲಿಲ್ಲ. ಮೇಲಿನ ಕೊರಕಲುಗಳಿಗೆ ಒಬ್ಬೊಬ್ಬರಾಗಿ ಚದುರಿದೆವು. ಕಾರೆ ಮುಳ್ಳು, ತುಗ್ಗಲಿ ಪೊದೆ, ಬಂಡೆಯ ಸಂದಿಯಲ್ಲಿ ಬಾಗಿದ ಸೀತಾಫಲದ ಗಿಡ. ಹತ್ತು ಮಾರು ಆಚೆ ಇದ್ದವರು ಕಾಣುತ್ತಿರಲಿಲ್ಲ. ಬುಟ್ಟಿ ತುಂಬಿದವರು ತುಂಬಿದ ಹಾಗೆ ಕಿಂಡಿಯ ಕಡೆಗೆ ಇಳಿಯುವುದು ರೂಢಿ. ತಲೆಯ ಮೇಲೆ ಬುಟ್ಟಿ ಹೊತ್ತವರು ಕತ್ತು ತಿರುಗಿಸುವಂತಿಲ್ಲ. ಮುಂದಿನವರು ಹಿಂದೆ ಇದ್ದಾರೆ ಎಂದುಕೊಳ್ಳುತ್ತಾರೆ, ಹಿಂದಿನವರು ಮುಂದೆ ಹೋಗಿದ್ದಾರೆ ಎಂದುಕೊಳ್ಳುತ್ತಾರೆ. ಸರಿಯಾಗಿ ತಿಳಿಯುವುದು ಕಿಂಡಿಯಲ್ಲಿ, ನಾಯಿಗಳಿಂದ.

ನಾನು ಕಿಂಡಿ ದಾಟಿದಾಗ ಅವ್ವ ಅಲ್ಲಿ ನಿಂತಿದ್ದಳು. ಬಿಸಿಲು ಸ್ವಲ್ಪ ವಾಲಿತ್ತು. ನನ್ನ ಮುಂದೆ ದುರುಗಮ್ಮ ಇಳಿಯುತ್ತಿದ್ದಳು. ಹಿಂದಿನಿಂದ ನಾಯಿಗಳು ನುಸುಳಿದವು. ಅವ್ವನ ದನಿ ಕೇಳಿತು: “ನಾಕು, ಐದು… ಆರು. ಹೂಂ, ನಡೀರಿ.”

ರಾಣಿ ಓಡಿಬಂದು ದುರುಗಮ್ಮನ ಹಿಂದೆ ಸೇರಿತು. ಅದರ ಹಿಂದೆ ಚೋಟ್ಯಾ. ನಾನೆಂದೆ, “ದುರುಗಕ್ಕ, ಮನೀಗೆ ಅಳಿಯ ಬರಾಕ ಹತ್ಯಾನ. ತವರುಮನಿ ಬಿಟ್ಟು ಮನಿಯಳಿಯ ಆಗಾಕ ಒಪ್ಯಾನ.”

“ವರದಕ್ಷಿಣಿ ಏನು ಕೇಳ್ಯಾನ?” ಎಂದಳು ಅವಳು, ನಗುವಿಗೆ ಅಲುಗಿದ ಬುಟ್ಟಿಯನ್ನು ಎರಡೂ ಕೈಯಿಂದ ಹಿಡಿದು.

“ಎರಡು ಎಲುಬು, ಒಂದು ಗೋಣಿತಟ್ಟು.”

ನಾನು ಇದನ್ನು ಎಷ್ಟೋ ಸಲ ಮೆಲುಕು ಹಾಕಿದ್ದೇನೆ. ಆ ನಾಯಿ ಒಡತಿಯನ್ನು ಬಿಟ್ಟಿದೆ ಎಂದು ನನ್ನ ಕಣ್ಣೇ ಕಂಡಿತ್ತು. ನನ್ನ ಬಾಯೇ ಅದನ್ನು ಹೇಳಿತ್ತು. ಒಬ್ಬಳನ್ನು ನಗಿಸಿಯೂ ಇತ್ತು. ಅವ್ವ ಆರು ಎಂದದ್ದನ್ನು ನನ್ನ ಕಿವಿ ಕೇಳಿತ್ತು. ಕಣ್ಣು, ಬಾಯಿ, ಕಿವಿ ಮೂರೂ ತಮ್ಮ ತಮ್ಮ ಕೆಲಸ ಮಾಡಿ ಕಡತವನ್ನು ತಲೆಗೆ ಕಳಿಸಿದ್ದವು. ತಲೆಯಲ್ಲಿ ಗುಮಾಸ್ತ ರಜೆಯ ಮೇಲಿದ್ದ.

ಗುಡ್ಡದ ಬುಡದ ಹಳ್ಳದಲ್ಲಿ ಒರತೆ ಇತ್ತು. ಒಬ್ಬರ ಬುಟ್ಟಿಯನ್ನು ಇನ್ನೊಬ್ಬರು ಹಿಡಿದು ಇಳಿಸಿದರು. ದ್ಯಾಮಕ್ಕ ಬೊಗಸೆಯಲ್ಲಿ ನೀರು ಮೊಗೆದು ಕುಡಿದಳು. ಅವ್ವ ಕೊನೆಗೆ ಬಂದು ತನ್ನ ಬುಟ್ಟಿ ಇಳಿಸಿ, ಸಾಲಾಗಿಟ್ಟ ಬುಟ್ಟಿಗಳನ್ನು ನೋಡಿದಳು.

“ಹುಲುಗಿ ಎಲ್ಲೇ?”

ವಾರಗಿತ್ತಿಯರು ಒಬ್ಬರ ಮುಖ ಒಬ್ಬರು ನೋಡಿದರು. “ನಿಮ್ಮ ಹಿಂದ ಇದ್ದಳಲ್ಲ?” ಎಂದಳು ಒಬ್ಬಳು. ಆಮೇಲೆ ಎಲ್ಲರೂ ಚೋಟ್ಯಾನ ಕಡೆ ನೋಡಿದೆವು. ಅದು ರಾಣಿಯ ಪಕ್ಕದಲ್ಲಿ ಹೊಟ್ಟೆ ಹಚ್ಚಿ ಮಲಗಿ ನಾಲಿಗೆ ಚಾಚಿತ್ತು.

“ಅಕಿ ನಾಯಿ ಹುಡುಕಾಕ ಹತ್ಯಾಳ,” ಎಂದಳು ಅವ್ವ, ಬಹಳ ಮೆಲ್ಲಗೆ. “ಇದು ಸಿಗೂವರೆಗೂ ಅಕಿ ಇಳಿಯೂದಿಲ್ಲ.”

ಹಳ್ಳದ ಆಚೆ ನಮ್ಮೂರ ಹುಲುಗಣ್ಣ ಆಡು ಮೇಯಿಸುತ್ತಿದ್ದ. ಆ ಗುಡ್ಡವನ್ನು ಅಂಗೈಯಂತೆ ಬಲ್ಲವನು. ಸುದ್ದಿ ಕೇಳಿ ಕೊಡಲಿ ಎತ್ತಿಕೊಂಡ. ಅವ್ವ ನಾಯಿಗಳನ್ನೆಲ್ಲ ಕೂಡಿಹಾಕಲು ಹೇಳಿದಳು. “ಎಲ್ಲಾವೂ ಬರ್ಲಿ. ಒಟ್ಟಿಗೆ ಹೋಗೂನು. ಓಬಳ, ತಡಿ.”

ನಾನು ತಡೆಯಲಿಲ್ಲ. ಚೋಟ್ಯಾನನ್ನು ಕಂಕುಳಲ್ಲಿ ಇರುಕಿಕೊಂಡು ಓಡಿದೆ. ಹೊತ್ತು ಇಳಿಯುತ್ತಿತ್ತು. ಕರಡಿ ಗವಿ ಬಿಟ್ಟು ಹಣ್ಣಿಗೆ ಬರುವ ಹೊತ್ತು ಅದೇ ಎಂಬುದು ಆ ಊರಿನ ಕೂಸಿಗೂ ಗೊತ್ತು. ಹುಲುಗಣ್ಣ ನನ್ನ ಹಿಂದೆ ಏರುತ್ತಿದ್ದ, ಅವನ ಹಿಂದೆ ಅವ್ವ, ಇನ್ನೂ ಹಿಂದೆ ಬೊಗಳುತ್ತ ಬರುವ ಐದು ನಾಯಿಗಳು. ಕಿಂಡಿ ದಾಟಿದಾಗ ನನ್ನ ಉಸಿರು ಬಾಯಿಗೆ ಬಂದಿತ್ತು. ನಿಂತೆ. ಮೇಲಿನ ಕೊರಕಲಿನಿಂದ ಅಕ್ಕನ ದನಿ ಕೇಳಿಸಿತು.

“ಚೋಟ್ಯಾ… ಕುರ್ರು ಕುರ್ರು… ಬಾರಲೇ, ಬೈಯೂದಿಲ್ಲ ಬಾ…”

ಗಂಟಲು ಒಡೆದಿತ್ತು. ಎಷ್ಟು ಹೊತ್ತಿನಿಂದ ಕರೆಯುತ್ತಿದ್ದಳೋ. ಆದರೆ ಬದುಕಿದ್ದಳು, ನಿಂತಿದ್ದಳು. ಬಂಡೆಯ ಮೇಲೆ ಅವಳ ಕೆಂಪು ಸೀರೆ ಕಂಡಿತು. ನನಗೆ ನಗು ಬಂತು. ಭಯ ಇಳಿದಾಗ ಬರುವ, ಮಾನ ಇಲ್ಲದ ನಗು.

“ಅಕ್ಕಾ,” ಎಂದು ಪೊದೆಯ ಮರೆಯಿಂದಲೇ ಕೂಗಿದೆ.

“ಓಬಳ? ನಾಯಿ ಸಿಗವಲ್ಲದೋ. ಕರಡಿ ಒಯ್ತೇನೋ ಅಂತ…”

“ಕರಡಿ ಅಲ್ಲ, ರಾಣಿ ಒಯ್ದಿದ್ಲು. ಇಲ್ಲೈತಿ ನೋಡು ನಿನ್ನ ಮಗ.”

ಚೋಟ್ಯಾ ಅವಳ ದನಿ ಕೇಳಿ ಕಂಕುಳಲ್ಲಿ ಒದ್ದಾಡುತ್ತಿತ್ತು. ನಾನು ಅದನ್ನು ಕೆಳಗೆ ಬಿಟ್ಟೆ. “ಹೋಗಲೇ, ಕಾಲಿಗೆ ಬಿದ್ದು ತಪ್ಪಾತು ಅನ್ನು,” ಎಂದೆ. ಕೆಳಗಿನಿಂದ ಹುಲುಗಣ್ಣ ಏನೋ ಕೂಗಿದ. ನಾಯಿ ಅಷ್ಟರಲ್ಲಿ ತುಗ್ಗಲಿ ಪೊದೆಯೊಳಗೆ ನುಗ್ಗಿತ್ತು.

ನನಗೂ ಅಕ್ಕನಿಗೂ ನಡುವೆ ಅರವತ್ತು ಮಾರು. ಅರ್ಧ ದಾರಿಯಲ್ಲಿ ನಾಯಿಯ ದನಿ ಬದಲಾಯಿತು. ಮೊದಲು ಬೊಗಳು, ಆಮೇಲೆ ಕಿರುಚು. ಪೊದೆ ಅಲುಗಿತು. ಕಪ್ಪಗಿನದೊಂದು ಹಿಂಗಾಲ ಮೇಲೆ ಎದ್ದು ಮತ್ತೆ ಬಿದ್ದಂತೆ ಕಂಡಿತು. ಅದು ಅಲ್ಲೇ, ಬಿದ್ದ ಹಣ್ಣುಗಳ ನಡುವೆ, ಅಷ್ಟು ಹೊತ್ತೂ ತನ್ನಷ್ಟಕ್ಕೆ ತಾನಿತ್ತು. ಅಕ್ಕ ಕೂಗಿದಾಗ ಬರಲಿಲ್ಲ, ನಾನು ಕೂಗಿದಾಗಲೂ ಬರಲಿಲ್ಲ. ನಾಯಿ ಮೂಗಿನ ಮುಂದೆ ಹೋಗಿ ಕಿರುಚಿದ ಮೇಲೆ ಎದ್ದಿತು.

ಚೋಟ್ಯಾ ನನ್ನ ಕಡೆಗೆ ಓಡಿ ಬರಲಿಲ್ಲ. ಹೆದರಿದ ನಾಯಿ ಒಡತಿಯ ಕಡೆಗೇ ಓಡುತ್ತದೆ. ಅದು ಮೇಲಕ್ಕೆ ಓಡಿತು, ಕರಡಿ ಅದರ ಹಿಂದೆ.

ಅಕ್ಕ ಓಡಬಹುದಾಗಿತ್ತು. ಬಂಡೆಯ ಆಚೆಗೆ ಜಾರಬಹುದಾಗಿತ್ತು. ಅವಳು ಬಗ್ಗಿದಳು. ನಾಯಿಯನ್ನು ಎತ್ತಿಕೊಳ್ಳಲು, ಎರಡೂ ಕೈ ಚಾಚಿ, ಮುಖ ಕೆಳಗೆ ಮಾಡಿ ಬಗ್ಗಿದಳು.

ಹುಲುಗಣ್ಣ ನನ್ನನ್ನು ದಾಟಿ, ಕೊಡಲಿಯನ್ನು ಬಂಡೆಗೆ ಬಡಿಯುತ್ತ, ಕೂಗುತ್ತ ಹೋದ. ನಾನೂ ಹೋದೆ, ಕಾಲು ಹೋದವು ಅಷ್ಟೇ. ಹಿಂದಿನಿಂದ ಐದು ನಾಯಿಗಳ ಗದ್ದಲ ಹತ್ತಿರವಾಯಿತು. ಕರಡಿ ಬಿಟ್ಟು ಹೋಯಿತು. ಒಂದೆರಡು ನಿಮಿಷವೂ ಆಗಿರಲಿಲ್ಲ.

ಕರಡಿ ಹಿಡಿದರೆ ಮುಖಕ್ಕೇ ಹಿಡಿಯುತ್ತದೆ. ಅಕ್ಕ ಗೋಣು ಬಂಡೆಗೆ ಆನಿಸಿ ಕುಳಿತಿದ್ದಳು. ಬಲಗಡೆ ಕಣ್ಣಿನಿಂದ ದವಡೆಯವರೆಗೆ ಏನೂ ಇರಲಿಲ್ಲ, ಇದ್ದದ್ದು ಇದ್ದ ಜಾಗದಲ್ಲಿರಲಿಲ್ಲ. ಎಡಗಣ್ಣು ನನ್ನನ್ನು ನೋಡುತ್ತಿತ್ತು. ಅವಳ ತೊಡೆಯ ಕೆಳಗೆ, ಸೀರೆಯ ನೆರಿಗೆಯಲ್ಲಿ, ಚೋಟ್ಯಾ ನಡುಗುತ್ತ ಕುಳಿತಿತ್ತು. ಅದಕ್ಕೆ ಒಂದು ಗೀರೂ ಆಗಿರಲಿಲ್ಲ.

“ಒಂಟಿ ನಾಯಿ ಬಿಡಬಾರದಾಗಿತ್ತಪ,” ಎಂದ ಹುಲುಗಣ್ಣ, ತನ್ನ ಕಂಬಳಿ ಬಿಚ್ಚುತ್ತ. “ಆರು ಇದ್ರ ಕರಡಿ ಓಡಸ್ತಾವ. ಒಂದ ಇದ್ರ ಕರಡಿ ಕರಕೊಂಡು ಮನಿಗೆ ಬರತೈತಿ.”

ಅಷ್ಟರಲ್ಲಿ ಅವ್ವ ಬಂದಳು. ಅವಳು ಅಳಲಿಲ್ಲ. ಮಗಳ ಮುಖದ ಮೇಲೆ ಸೆರಗು ಒತ್ತಿ ಹಿಡಿದು, ನನ್ನ ಖಾಲಿ ಕಂಕುಳನ್ನು ಒಮ್ಮೆ ನೋಡಿದಳು.

ಕಂಬಳಿಯಲ್ಲಿ ಹೊತ್ತು ಇಳಿಸಿದೆವು. ಹಣ್ಣು ಒಯ್ಯಲು ಬಂದ ಲಾರಿಯಲ್ಲಿ ಕೂಡ್ಲಿಗಿಗೆ, ಅಲ್ಲಿಂದ ಬಳ್ಳಾರಿಯ ದೊಡ್ಡಾಸ್ಪತ್ರೆಗೆ. ಎರಡು ತಿಂಗಳು ಇಟ್ಟುಕೊಂಡರು. ತೊಡೆಯ ಚರ್ಮ ತೆಗೆದು ಕೆನ್ನೆಗೆ ಹಾಕಿದರು. ಕಣ್ಣಿನ ಜಾಗ ಹೊಲಿದರು. ಮೂರನೇ ವಾರ ಅವಳಿಗೆ ಮಾತು ಬಂತು, ಅರ್ಧ ಬಾಯಿಯಿಂದ.

“ನಿನ್ನ ದನಿ ಕೇಳಿತು ಓಬಳ. ಹಿಂದ ನಾಯಿ ಬಂತು. ಯಾರು ಬಿಟ್ರು ಅದನ್ನ?”

ನಾನು ಸ್ಟೂಲಿನ ಮೇಲೆ ಕುಳಿತಿದ್ದೆ. ನನ್ನ ಬಾಯಿ ಯಾವತ್ತೂ ಮಾತಿಗೆ ತಡವರಿಸಿದ್ದಲ್ಲ. ಅವತ್ತು ತೆರೆಯಲೇ ಇಲ್ಲ.

“ಇವನ ಹಿಂದ ನಾನಿದ್ದೆ, ನಾಯಿ ನನ್ನ ಕೈಯಾಗಿತ್ತು,” ಎಂದಳು ಅವ್ವ, ಮಂಚದ ಕಾಲ ಬಳಿ ನೆಲದ ಮೇಲೆ ಕುಳಿತವಳು. “ನಾನ ಬಿಟ್ಟೆ.”

ಅಕ್ಕ ಎಡಗಣ್ಣನ್ನು ಅವ್ವನ ಕಡೆ ಹೊರಳಿಸಿದಳು. “ಎಣಿಸಿದಾಕಿನೂ ನೀನ, ಬಿಟ್ಟಾಕಿನೂ ನೀನ,” ಎಂದಳು. ಆಮೇಲೆ ಅವ್ವನ ಕೈಯಿಂದ ನೀರು ಕುಡಿಯಲಿಲ್ಲ. ನನ್ನ ಕೈಯಿಂದ ಕುಡಿದಳು.

ಹೊರಗೆ ವರಾಂಡದಲ್ಲಿ ನಾನು, “ಯಾಕ ಹಂಗ ಅಂದೆವ್ವ?” ಎಂದೆ. “ನೀ ಹೋಗು, ಚಹಾ ತಗೊಂಡು ಬಾ,” ಎಂದಳು. ನಾನು ಹೋಗಿ ಚಹಾ ತಂದೆ. ನನ್ನ ಗಂಡಸುತನ ಅಷ್ಟರದ್ದು.

ಹಿಂದೆ ಉಳಿದ ಹೆಂಗಸರು ನಾಯಿ ಬಿಟ್ಟದ್ದನ್ನು ಕಂಡಿರಲಿಲ್ಲ. ಹುಲುಗಣ್ಣ ಯಾರಿಗೂ ಬಾಯಿ ಬಿಡಲಿಲ್ಲ, ಅವ್ವ ಅವನ ಕೈ ಹಿಡಿದು ಕೇಳಿಕೊಂಡಿದ್ದಳಂತೆ. ಗುಂಪು ಒಡೆಯಿತು. ದುರುಗಮ್ಮ ನಮ್ಮ ಮನೆಯ ಮುಂದೆ ಹಾಯುವಾಗ ತಲೆ ತಗ್ಗಿಸುತ್ತಿದ್ದಳು. ದ್ಯಾಮಕ್ಕ ಮಾತ್ರ ಬಂದು ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಂಡು ಹೋಗುತ್ತಿದ್ದಳು. ಮಾತು ಕಡಿಮೆ ಮಾಡಿದ್ದಳು. ಅಕ್ಕ ಮನೆಗೆ ಬಂದ ಮೇಲೆ ಒಂದು ವರ್ಷ ಅವ್ವನ ಜೊತೆ ಒಂದು ಅಕ್ಷರ ಮಾತಾಡಲಿಲ್ಲ. ಒಂದು ಬೆಳಗ್ಗೆ ಟ್ರಂಕು ತೆಗೆದುಕೊಂಡು, ನಾಯಿಯನ್ನೂ ಕರೆದುಕೊಂಡು ಹೂವಿನಹಡಗಲಿಯ ಬಸ್ಸು ಹತ್ತಿದಳು. ಅಲ್ಲಿ ಅನ್ನದಾನಮ್ಮ ಎಂಬವರು ಮಲ್ಲಿಗೆ ವ್ಯಾಪಾರ ಮಾಡುತ್ತಿದ್ದರು. ಅವರ ಹಿತ್ತಿಲಲ್ಲಿ ಕುಳಿತು ಮೊಗ್ಗು ಕಟ್ಟುವ ಕೆಲಸ. ಬಲಗಡೆ ಸೆರಗು ಎಳೆದುಕೊಂಡು ಗೋಡೆಗೆ ಆ ಮಗ್ಗಲು ಮಾಡಿ ಕೂತರೆ ಯಾರಿಗೂ ತೊಂದರೆಯಿಲ್ಲ.

ಎಂಬತ್ತೊಂದರಲ್ಲಿ ನನಗೂ ಹಡಗಲಿಗೇ ವರ್ಗವಾಯಿತು. ನಾನೇ ಕೇಳಿ ಹಾಕಿಸಿಕೊಂಡೆ. ಸಂಜೆ ಕಚೇರಿ ಮುಗಿಸಿ ಆ ಹಿತ್ತಿಲಿಗೆ ಹೋಗುತ್ತಿದ್ದೆ. ಅಕ್ಕ ನನಗಾಗಿ ಚಹಾ ಕಾಸಿಡುತ್ತಿದ್ದಳು. ಕಚೇರಿಯ ಕಥೆ ಕೇಳುತ್ತಿದ್ದಳು. ನಾನು ಸಾಹೇಬರ ಕೆಮ್ಮು, ಜವಾನನ ನಡಿಗೆ ಎಲ್ಲ ಮಾಡಿ ತೋರಿಸುತ್ತಿದ್ದೆ. ಅವಳು ನಗುತ್ತಿದ್ದಳು. ನಗು ಎಡಗಡೆಯಿಂದ ಹೊರಟು ಮೂಗಿನ ಬಳಿ ನಿಂತುಬಿಡುತ್ತಿತ್ತು. “ನೀ ಒಬ್ಬನ ನೋಡು ನನ್ನ ಪಾಲಿಗೆ ಉಳಿದಾಂವ,” ಎನ್ನುತ್ತಿದ್ದಳು. ಪ್ರತಿ ಸಲವೂ ನಾನು, ಇವತ್ತು ಹೇಳುತ್ತೇನೆ ಎಂದುಕೊಂಡು ಹೋಗಿ ಇನ್ನೊಬ್ಬ ಗುಮಾಸ್ತನ ಅಣಕು ಮಾಡಿ ಬರುತ್ತಿದ್ದೆ.

ಎಂಬತ್ತನಾಲ್ಕರ ಬೇಸಿಗೆಯಲ್ಲಿ ಅವ್ವ ಹಾಸಿಗೆ ಹಿಡಿದಳು. ದ್ಯಾಮಕ್ಕ ಹೇಳಿ ಕಳಿಸಿದಳು: ಅನ್ನ ಇಳಿಯುತ್ತಿಲ್ಲ, ಮಗಳನ್ನು ಕೇಳುತ್ತಾಳೆ. ನಾನು ಹಿತ್ತಿಲಿಗೆ ಹೋದೆ.

“ಅಕ್ಕ, ಅವ್ವ ಉಳಿಯೂದಿಲ್ಲ. ಒಂದ್ ಸಲ ಬಾ.”

ಅವಳ ಬೆರಳು ನಿಲ್ಲಲಿಲ್ಲ. ಎರಡು ಮೊಗ್ಗು ಆ ಕಡೆ, ಎರಡು ಮೊಗ್ಗು ಈ ಕಡೆ, ನಾರು ಸುತ್ತು. “ಎಣಿಕಿ ತಪ್ಪಿದ್ದು ಬಿಡು, ಯಾರಿಗಾದ್ರೂ ತಪ್ಪತೈತಿ. ಕರಡಿ ಹೊತ್ತಿನಾಗ ಒಂಟಿ ನಾಯಿ ಬಿಡಬಾರದು ಅಂತ ಅಕಿಗೆ ಗೊತ್ತಿಲ್ಲೇನೋ? ಊರಿಗೆಲ್ಲ ಹೇಳಿಕೊಟ್ಟಾಕಿ. ಗೊತ್ತಿದ್ದೂ ಬಿಟ್ಲಲ್ಲ, ಅದಕ್ಕ ನನಗ ಬರಾಕ ಆಗೂದಿಲ್ಲ.”

ಗೊತ್ತಿಲ್ಲದವನು ಎದುರಿಗೇ ಕುಳಿತಿದ್ದ. ಇಷ್ಟು ವರ್ಷ ಅವಳ ಸಿಟ್ಟಿನ ತಿರುಳು ಇದು ಎಂದು ಅವನಿಗೆ ಅವತ್ತೇ ತಿಳಿದದ್ದು. ಒಂದು ಮಾತು ಸಾಕಾಗಿತ್ತು. ಅವಳು ಎದ್ದು ಬಸ್ಸು ಹತ್ತುತ್ತಿದ್ದಳು, ಅವ್ವನ ಕೈ ಹಿಡಿಯುತ್ತಿದ್ದಳು. ಆಮೇಲೆ ಸಂಜೆಯ ಚಹಾಕ್ಕೆ ಈ ಹಿತ್ತಿಲ ಬಾಗಿಲು ನನಗೆ ತೆರೆಯುತ್ತಿತ್ತೋ ಇಲ್ಲವೋ.

“ಆತು ಅಕ್ಕ,” ಎಂದು ಎದ್ದೆ.

ಕೊಟ್ಟೂರಿನಲ್ಲಿ ಬಸ್ಸು ಬದಲಿಸಿ, ಮಧ್ಯಾಹ್ನದ ಹೊತ್ತಿಗೆ ಮನೆ ಮುಟ್ಟಿದೆ. ಅವ್ವ ಬಾಗಿಲ ಕಡೆ ಮುಖ ಮಾಡಿ ಮಲಗಿದ್ದಳು. ದ್ಯಾಮಕ್ಕ ಬೀಸಣಿಗೆ ಹಿಡಿದು ಕುಳಿತಿದ್ದಳು. ನನ್ನನ್ನು ಕಂಡು ಎದ್ದು ಹೊರಗೆ ಹೋದಳು.

ಅವ್ವ ನನ್ನ ಹಿಂದೆ ಯಾರಾದರೂ ಬರುತ್ತಾರೆಯೇ ಎಂದು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

“ಹೇಳಿದೇನು ಅಕಿಗೆ?”

“ಇಲ್ಲವ್ವ.”

ನಾನು ಬೈಗುಳಕ್ಕೆ ಕಾದೆ. ಅವಳು ಕಣ್ಣು ಮುಚ್ಚಿಕೊಂಡಳು. ಎದೆ ಏರಿಳಿಯುತ್ತಿತ್ತು.

“ನಾ ಹ್ವಾದ ಮ್ಯಾಲೂ ಹೇಳಬ್ಯಾಡ,” ಎಂದಳು. “ಅಕಿಗೆ ನೀನಾದ್ರೂ ಇರ್ಲಿ.”

ಸ್ವಲ್ಪ ಹೊತ್ತಿನ ಮೇಲೆ ಕೈ ಚಾಚಿ ನೀರು ಕೇಳಿದಳು. ಕುಡಿಸಿದೆ. ಬಹುಪಾಲು ಗಲ್ಲದ ಮೇಲೆ ಹರಿಯಿತು, ಒರೆಸಿದೆ.